ತಾಮ್ರವೆಂದು ದಾಖಲಾದ ಆರುನೂರ ನಲವತ್ತೊಂದು ಮನೆ

ನಿಮ್ಮ ಮನೆಗೆ ನೀರು ತರುವ ಕೊಳವೆ ಯಾವ ಲೋಹದ್ದೆಂದು ನಿಮ್ಮ ಊರಿನ ನೀರಿನ ಕಚೇರಿಗೆ ಗೊತ್ತಿಲ್ಲದೆ ಇರಬಹುದು. ಇದು ಗುಟ್ಟೇನಲ್ಲ. ಕೇಳಿದರೆ ಹೇಳಬೇಕಾಗುತ್ತದೆ. ಕೇಳುವವರಿಲ್ಲ, ಅಷ್ಟೇ.

ಸರೋವರದ ದಂಡೆಯ ನಮ್ಮ ಟ್ಯಾಲ್ಬರ್ಟ್ ಹಾರ್ಬರಿನಲ್ಲಿ "ಗೊತ್ತಿಲ್ಲ" ಎಂಬುದನ್ನು ಗೊತ್ತಿಲ್ಲ ಎಂದೇ ಬರೆದಿಡುವ ಹೆಂಗಸೊಬ್ಬಳಿದ್ದಾಳೆ. ಜೆನೀವ್ ಕೊವಾಲ್ಚಿಕ್. ಎರಕದ ಕಾರ್ಖಾನೆಯಲ್ಲಿ ಅಚ್ಚು ಮಾಡುತ್ತಿದ್ದವನ ಮಗಳು, ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ನೀರಿನ ಇಲಾಖೆಗೆ ಬೆರಳಚ್ಚು ಮಾಡಲು ಸೇರಿದಳು. ಆಗ ಊರಿನ ಕೊಳವೆಗಳೆಲ್ಲ ಬಟ್ಟೆಯ ಹಾಳೆಯ ಮೇಲೆ ಶಾಯಿಯಲ್ಲಿದ್ದವು. ಪ್ರತಿ ಮನೆಗೊಂದು ಚೀಟಿ. ಯಾವ ವರ್ಷ ಹಾಕಿದ್ದು, ಎಷ್ಟು ಆಳ, ಯಾವ ಲೋಹ ಎಂದು ಪೆನ್ಸಿಲ್ಲಿನಲ್ಲಿ ಬರೆದಿರುತ್ತಿತ್ತು. ಕಂಪ್ಯೂಟರ್ ಬಂದಾಗ ಅದರ ಹತ್ತಿರ ಕೂರಲು ಯಾರೂ ಒಪ್ಪಲಿಲ್ಲ. ಈಕೆ ಕೂತಳು. ನಕ್ಷೆಯ ಸಾಫ್ಟ್‌ವೇರನ್ನು ಪುಸ್ತಕ ನೋಡಿ ಕಲಿತಳು. ಇಪ್ಪತ್ತಾರು ವರ್ಷದಲ್ಲಿ ಹದಿನಾಲ್ಕು ಸಾವಿರ ಮನೆಗಳ ಕೊಳವೆಗಳನ್ನು ಒಂದೊಂದಾಗಿ ಗೆರೆ ಎಳೆದು ಕೂರಿಸಿದಳು.

ಒಂದಷ್ಟು ಮನೆಗಳ ಲೋಹದ ಖಾನೆಯನ್ನು ಮಾತ್ರ ಖಾಲಿ ಬಿಟ್ಟಳು. ಐವತ್ತರ ದಶಕದಲ್ಲಿ ಸರೋವರ ಉಕ್ಕಿ ಕಚೇರಿಯ ನೆಲಮಾಳಿಗೆಗೆ ನುಗ್ಗಿದಾಗ ಚೀಟಿಗಳ ಒಂದು ಡ್ರಾಯರ್ ಮುದ್ದೆಯಾಗಿತ್ತು. ಫುಲ್ಟನ್, ಗಾರ್ನೆಟ್, ಹ್ಯಾಡ್ಲಿ ಬೀದಿಗಳು ಅದರಲ್ಲಿದ್ದವು. ಕಾರ್ಖಾನೆಯವರಿಗಾಗಿ ಕಟ್ಟಿದ ಹಳೆಯ ಮನೆಗಳು. ಆ ಕಾಲದಲ್ಲಿ ಸೀಸದ ಕೊಳವೆ ಹಾಕುವುದೇ ಒಳ್ಳೆಯ ಕೆಲಸವೆನ್ನಿಸಿಕೊಳ್ಳುತ್ತಿತ್ತು. ಸೀಸ ನೀರಿಗಿಳಿದು ಎಳೆಯ ಮಕ್ಕಳ ಮಿದುಳು ಕೆಡಿಸುತ್ತದೆಂದು ತಿಳಿದದ್ದು ಆಮೇಲೆ.

ಗೊತ್ತಿಲ್ಲದ ಕೊಳವೆಯನ್ನು ಸೀಸವೆಂದೇ ಭಾವಿಸಿ ನಡೆಯಬೇಕು ಎನ್ನುವುದು ನಿಯಮ. ಆದ್ದರಿಂದ ಪ್ರತಿ ವರ್ಷ ಆ ಮನೆಗಳಿಗೆ ಜೆನೀವ್‌ಳ ಪತ್ರ ಹೋಗುತ್ತಿತ್ತು: ನಿಮ್ಮ ಕೊಳವೆ ಯಾವುದೆಂದು ನಮಗೆ ತಿಳಿಯದು, ಮಕ್ಕಳ ಹಾಲಿಗೆ ನಲ್ಲಿಯ ನೀರನ್ನು ಸೋಸದೆ ಬಳಸಬೇಡಿ. ಬೇಸಿಗೆಯಲ್ಲಿ ಡೆಲ್ಬರ್ಟ್ ಸ್ಟೂಪ್ಸ್‌ನ ತಂಡ ನಲವತ್ತು ಮನೆಗಳ ಮುಂದೆ ಗುಂಡಿ ತೋಡಿ, ಕೊಳವೆ ನೋಡಿ, ಸೀಸವಿದ್ದರೆ ಕಿತ್ತು ಹೊಸದು ಹಾಕುತ್ತಿತ್ತು. ಹೀಗೆ ಕಡಿಮೆಯಾಗುತ್ತ ಬಂದು ಈಗ ಉಳಿದದ್ದು ಆರುನೂರ ನಲವತ್ತೊಂದು. ಯಾರ ಮನೆ ಮೊದಲು ಎನ್ನುವ ಪಟ್ಟಿ ಜೆನೀವ್‌ಳದು. ಈ ಸಲದ ಪಟ್ಟಿಯಲ್ಲಿ ಮೊದಲ ಹೆಸರು ಫುಲ್ಟನ್ ಬೀದಿಯ ಶೆರೀನ್ ಪೆಟ್‌ವೇ. ತಾಯಂದಿರು ಕೆಲಸಕ್ಕೆ ಹೋದಾಗ ಆರು ಎಳೆಯ ಮಕ್ಕಳನ್ನು ಮನೆಯಲ್ಲಿ ನೋಡಿಕೊಳ್ಳುವವಳು. ಆರು ಮಕ್ಕಳಿಗೂ ಪುಡಿಹಾಲು, ಅದೂ ನಲ್ಲಿಯ ನೀರಲ್ಲಿ ಕಲಸಿದ್ದು.

ಅಷ್ಟರಲ್ಲಿ ಹಳೆಯ ಸಾಫ್ಟ್‌ವೇರಿನ ಆಯುಷ್ಯ ಮುಗಿಯಿತು. ಅದನ್ನು ಮಾಡಿದವರೇ ಇನ್ನು ರಿಪೇರಿ ಇಲ್ಲ ಎಂದರು. ಹೊಸದು ಬಂತು, ಜೊತೆಗೆ ಊರಿನ ನಕ್ಷೆಯೆಲ್ಲ ಜಿಲ್ಲೆಯ ಕಂಪ್ಯೂಟರಿಗೆ ಸೇರಬೇಕೆಂಬ ತೀರ್ಮಾನವೂ ಬಂತು. ಹೊಸದು ಭಾರಿ ಕಟ್ಟುನಿಟ್ಟು. ಮನೆಯ ಕೊಳವೆ ಬೀದಿಯ ಕೊಳವೆಗೆ ಕೂದಲೆಳೆಯಷ್ಟೂ ಸಂದಿಲ್ಲದೆ ಕೂಡಬೇಕು, ಇಲ್ಲದಿದ್ದರೆ ಆ ಜಾಗವೆಲ್ಲ ನೇರಳೆ ಬಣ್ಣಕ್ಕೆ ತಿರುಗಿ ಕೂಗಾಡುತ್ತದೆ. ಮೂವತ್ತು ಸಾವಿರ ತಪ್ಪುಗಳೆಂದು ಮೊದಲ ದಿನ ತೋರಿಸಿತು. ಒಂಬತ್ತು ತಿಂಗಳು ಈಕೆ ಅವನ್ನು ಹೆಕ್ಕಿದಳು. ಈಸ್ಟರಿನ ಉಪವಾಸದ ದಿನಗಳಿಗೆ ಮುಂಚಿನ ಮಂಗಳವಾರ ಡೆಲ್, ಆ ದಿನ ತಿನ್ನುವ ಪೊಂಚ್ಕಿ ಎಂಬ ಕರಿದ ಸಿಹಿ ಬನ್ನುಗಳ ಡಬ್ಬಿ ಹಿಡಿದು ಬಂದ.

"ಎಷ್ಟುಳೀತೇ ಜೆನ್ನಿ?"

"ಇನ್ನೂರ ಹನ್ನೆರಡು."

"ಅಯ್ಯೋ, ನನ್ ಹೆಂಡತಿ ನನ್ನಲ್ಲಿ ಇದಕ್ಕಿಂತ ಜಾಸ್ತಿ ತಪ್ಪು ಹುಡುಕ್ತಾಳೆ. ತಿನ್ನು, ಜಾಮ್ ಇರೋದು ನಂಗಿರ್ಲಿ."

ಮಾರ್ಚ್ ಹನ್ನೊಂದರಂದು ಜೆನೀವ್ ತನ್ನ ಹೆಸರಿನಲ್ಲೇ ಎಲ್ಲವನ್ನೂ ಹೊಸದಕ್ಕೆ ತುಂಬಿದಳು. ಒಂದೂ ನೇರಳೆ ಚುಕ್ಕೆ ಇಲ್ಲ. ನಗರಸಭೆಯಲ್ಲಿ ಚಪ್ಪಾಳೆ ಹೊಡೆದರು.

ಏಪ್ರಿಲ್‌ನಲ್ಲಿ ಜೆನೀವ್ ಬೇಸಿಗೆಯ ಪಟ್ಟಿ ಮಾಡಲು ಕೂತಳು. ಲೋಹ ಗೊತ್ತಿಲ್ಲದ ಮನೆಗಳನ್ನು ತೋರಿಸು ಎಂದು ಕೇಳಿದಳು. ಸೊನ್ನೆ ಎಂದಿತು. ಹುಡುಕಿದ್ದು ಸರಿಯಿಲ್ಲವೇನೋ ಎಂದು ಮತ್ತೆ ಕೇಳಿದಳು. ಸೊನ್ನೆ. ಫುಲ್ಟನ್ ಬೀದಿಯ ಒಂದು ಗೆರೆಯ ಮೇಲೆ ಒತ್ತಿ ನೋಡಿದಳು. ತಾಮ್ರ. ಪಕ್ಕದ್ದು? ತಾಮ್ರ. ಆರುನೂರ ನಲವತ್ತೊಂದೂ ತಾಮ್ರ. ಪ್ರತಿಯೊಂದರ ಕೆಳಗೂ ಕೊನೆಗೆ ತಿದ್ದಿದವರ ಹೆಸರು: ಜಿ. ಕೊವಾಲ್ಚಿಕ್, ಮಾರ್ಚ್ ಹನ್ನೊಂದು.

ಹೇಗಾಯಿತೆಂದು ತಿಳಿಯಲು ಆಕೆಗೆ ಎರಡು ದಿನ ಹಿಡಿಯಿತು. ಹತ್ತೊಂಬತ್ತು ವರ್ಷದ ಹಿಂದೆ ಗುಡ್ಡದ ಮೇಲೆ ಹೊಸ ಬಡಾವಣೆಗಳಾಗುವಾಗ ಒಂದೇ ಬೇಸಿಗೆಯಲ್ಲಿ ಸಾವಿರದ ನೂರು ಮನೆಗಳನ್ನು ನಕ್ಷೆಗೆ ಏರಿಸಿದ್ದಳು. ಎಲ್ಲ ತಾಮ್ರವೇ. ಸಾವಿರ ಸಲ ಅದನ್ನೇ ಒತ್ತಿ ಮಣಿಕಟ್ಟು ಊದಿಕೊಂಡಿತ್ತು. ಹೊಸ ಗೆರೆ ಎಳೆದಾಗ ಏನೂ ತುಂಬದಿದ್ದರೆ ತಾನಾಗಿ "ತಾಮ್ರ" ಎಂದು ಬೀಳಲಿ ಎಂದು ತಾನೇ ಹಾಕಿಟ್ಟಿದ್ದಳು, ಮರೆತೂ ಬಿಟ್ಟಿದ್ದಳು. ಹಳೆಯ ಸಾಫ್ಟ್‌ವೇರ್ ಅದನ್ನು ಹೊಸ ಗೆರೆಗಳಿಗಷ್ಟೇ ಅನ್ವಯಿಸುತ್ತಿತ್ತು, ಅದಕ್ಕೂ ಮುಂಚೆ ಎಳೆದಿದ್ದ ಖಾಲಿ ಖಾನೆಗಳನ್ನು ಮುಟ್ಟುತ್ತಿರಲಿಲ್ಲ. ಆ ಏರ್ಪಾಡೂ ಜೊತೆಗೇ ಹೋಗಿತ್ತು, ಹೊಸದಕ್ಕೆ ತುಂಬುವಾಗ ಎಲ್ಲ ಗೆರೆಯೂ ಹೊಸ ಗೆರೆಯೇ. ಖಾಲಿ ಇದ್ದ ಕಡೆಯೆಲ್ಲ ತಾಮ್ರ ಬಿತ್ತು. ನೇರಳೆ ಚುಕ್ಕೆ ಏಕೆ ಬರಲಿಲ್ಲ ಎನ್ನುತ್ತೀರಾ? ಆ ಯಂತ್ರಕ್ಕೆ ಕೊಳವೆಗೆ ಕೊಳವೆ ಕೂಡಿದೆಯೇ ಎನ್ನುವುದಷ್ಟೇ ಬೇಕು. ನಿಜವೇ ಎನ್ನುವುದು ಅದರ ತಲೆನೋವಲ್ಲ. ಅದನ್ನು ಕೊಂಡವರ ತಲೆನೋವೂ ಅಲ್ಲವೆಂದು ಆಮೇಲೆ ತಿಳಿಯಿತು.

ಹಳೆಯ ನಕ್ಷೆಯ ನಕಲನ್ನು ಹಿಡಿದುಕೊಂಡು ಮೇಲಧಿಕಾರಿ ರಸ್ ಹೋಲ್ಟ್‌ಕ್ಯಾಂಪ್‌ನ ಹತ್ತಿರ ಹೋದಳು. ಆಕೆಗಿಂತ ಹದಿನೈದು ವರ್ಷ ಚಿಕ್ಕವನು, ಕೆಟ್ಟವನೇನಲ್ಲ.

"ರಸ್, ತಪ್ಪು ನಂದೇ. ವಾಪಸ್ ಖಾಲಿ ಮಾಡ್ಬೇಕು. ಅರ್ಧ ಗಂಟೆ ಕೆಲ್ಸ."

"ಮಾಡು ಮತ್ತೆ."

"ಆಗ್ತಿಲ್ಲ. ನಂಗೀಗ ನೋಡೋಕಷ್ಟೇ ಅವಕಾಶ. ತಿದ್ದೋ ಅಧಿಕಾರ ಜಿಲ್ಲೆಯವರು ತಗೊಂಡ್ರಲ್ಲ."

ರಸ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. "ಜೆನ್, ರಾಜ್ಯಕ್ಕೆ ವರದಿ ಹೋಗಿದೆ ಮಾರಾಯ್ತಿ. ಗೊತ್ತಿಲ್ಲದ ಕೊಳವೆ ಸೊನ್ನೆ ಅಂತ. ಮೇಯರ್ ಅದನ್ನ ಓದಿ ಹೇಳಿದ್ದಾರೆ. ಈಗ ಹೋಗಿ ಸೊನ್ನೆ ಅಲ್ಲ, ಆರ್ನೂರು ಅಂತೀಯಾ?"

"ಸೊನ್ನೆ ಅಲ್ವಲ್ಲ."

"ತಾಮ್ರ ಅಲ್ಲ ಅಂತ್ಲೂ ನಿಂಗೆ ಗೊತ್ತಿಲ್ವಲ್ಲ!"

"ಅದನ್ನೇ ನಾನೂ ಹೇಳ್ತಿರೋದು."

ಜಿಲ್ಲೆಯವರನ್ನೇ ಕೇಳು ಎಂದು ಆತ ಕಳಿಸಿದ. ಆಕೆ ಫೋನ್ ಮಾಡಿದಳು. ಆ ಕಡೆ ಒಬ್ಬಳು ಬಹಳ ಮರ್ಯಾದೆಯವಳು.

"ತಿದ್ದೋಕೆ ಅರ್ಜಿ ಹಾಕಿ ಮೇಡಂ. ಲೋಹ ಬದಲಾಯ್ಸೋದಾದ್ರೆ ಅಗೆದ ಗುಂಡಿಯ ಫೋಟೋ ಬೇಕು."

"ನಾನು ಬದಲಾಯ್ಸಿ ಬರೀಬೇಕಾಗಿರೋದು 'ಗೊತ್ತಿಲ್ಲ' ಅಂತ."

"ಹೂಂ. ಅದಕ್ಕೂ ಫೋಟೋ."

"ಗೊತ್ತಿಲ್ಲ ಅನ್ನೋದಕ್ಕೆ ಯಾವ ಫೋಟೋ ತೆಗೀಲಿ ಅಮ್ಮಾ?"

ಸ್ವಲ್ಪ ಹೊತ್ತು ಕೀಲಿಮಣೆಯ ಸದ್ದು. "ಫೋಟೋ ಇಲ್ದೆ ಅರ್ಜಿ ಮುಂದಕ್ಕೇ ಹೋಗಲ್ಲ ಮೇಡಂ. ನಾನೂ ಒತ್ತಿ ನೋಡ್ದೆ."

ಫೋಟೋ ಬೇಕಾದರೆ ಗುಂಡಿ ತೋಡಬೇಕು. ಡೆಲ್ ತನ್ನ ಲಾರಿಯ ಬಾಗಿಲಿಗೆ ಒರಗಿ ನಿಂತು ಕೇಳಿಸಿಕೊಂಡ.

"ಅಗೆಯೋ ಆದೇಶದ ನಂಬರ್ ಕೊಡು, ನಾಳೆನೇ ತೋಡ್ತೀನಿ."

"ಸೀಸ ಅಂತಿದ್ರೆ, ಇಲ್ಲಾ ಗೊತ್ತಿಲ್ಲ ಅಂತಿದ್ರೆ ಮಾತ್ರ ಹೊಸ ಕಂಪ್ಯೂಟರ್ ಆದೇಶ ಕೊಡೋದು, ಡೆಲ್. ತಾಮ್ರಕ್ಕೆ ಕೊಡಲ್ಲ."

"ನಂಬರ್ ಇಲ್ದೆ ಗ್ಯಾಸ್‌ನೋರು ಬಂದು ತಮ್ಮ ಪೈಪ್ ಎಲ್ಲಿದೆ ಅಂತ ಗುರುತು ಹಾಕಲ್ಲ. ಕುರುಡಾಗಿ ತೋಡಿ ಬೀದೀನೇ ಹಾರಿಸಿದ್ರೆ?" ಆತ ನೆಲಕ್ಕೆ ಉಗುಳಿದ. "ಥೂ, ಎಂಥ ಗಂಟು ಹಾಕಿದ್ಯೇ ಜೆನ್ನಿ."

ಜೆನೀವ್ ನೇರವಾಗಿ ಫುಲ್ಟನ್ ಬೀದಿಗೆ ಹೋದಳು. ಶೆರೀನ್ ಒಂದು ಮಗುವನ್ನು ಸೊಂಟದಲ್ಲಿಟ್ಟುಕೊಂಡೇ ನೆಲಮಾಳಿಗೆಗೆ ಇಳಿದಳು. ಗೋಡೆಯಿಂದ ಕೊಳವೆ ಹೊರಬರುವಲ್ಲಿ ಜೆನೀವ್ ಬೀಗದ ಕೈಯಿಂದ ಕೆರೆದಳು. ಬೆಣ್ಣೆಯಂತೆ ಮೆತ್ತಗೆ ಗೀರು ಬಿತ್ತು. ಗೀರಿನೊಳಗೆ ಬೆಳ್ಳಿಯ ಹೊಳಪು: ಸೀಸವೇ.

"ಇದೇನಾ ಮಿಸ್ ಜೆನ್?"

"ಇದೇ. ಇವತ್ತಿಂದ ಹಾಲಿಗೆ ಬಾಟ್ಲಿ ನೀರು ಹಾಕು, ಶೆರೀನ್. ಕಚೇರಿಗೂ ಬರೆದು ಹಾಕು."

ಶೆರೀನ್ ಬರೆದಳು. ಗೋಡೆಯ ಒಳಗಿನದು ಮನೆಯವರದು, ಬೀದಿಯ ಕಡೆಯದು ಮಾತ್ರ ನಮ್ಮದು, ನಮ್ಮದು ತಾಮ್ರ ಎಂದು ಉತ್ತರ ಬಂತು. ಅದೇ ವಾರ ಆಕೆ ನೋಡಿಕೊಳ್ಳುತ್ತಿದ್ದ ಹದಿನಾಲ್ಕು ತಿಂಗಳ ಜಬಾರಿ ಎಂಬ ಮಗುವಿನ ರಕ್ತದಲ್ಲಿ ಸೀಸ ಸಿಕ್ಕಿತು. ಆರೋಗ್ಯ ಇಲಾಖೆಯ ನರ್ಸ್ ಮನೆ ಪರೀಕ್ಷಿಸಲು ಬಂದಳು. ಕೈಯಲ್ಲಿ ಜಿಲ್ಲೆಯ ಹೊಸ ನಕ್ಷೆ. ಗೀರು ತೋರಿಸಿದರೆ, ಮೊಳದುದ್ದದ ತುಂಡು ತಾನೇ, ಬೀದಿಯಿಂದ ಬರುವುದು ತಾಮ್ರ ಎಂದಳು. ಹಾಗಾದರೆ ಕಿಟಕಿಯ ಹಳೆಯ ಸೀಸದ ಬಣ್ಣವೇ ಕಾರಣ ಎಂದು ಬರೆದಳು. ಕಿಟಕಿ ಬದಲಾಯಿಸುವವರೆಗೆ ಮಕ್ಕಳನ್ನು ಸೇರಿಸಿಕೊಳ್ಳುವಂತಿಲ್ಲ ಎಂದು ಬಾಗಿಲಿಗೆ ಕಾಗದ ಅಂಟಿಸಿದಳು.

ಆರು ಮಕ್ಕಳೂ ಬೇರೆ ಕಡೆ ಹೋದರು. ಮೂವರು ಹೋದದ್ದು ಅದೇ ಬೀದಿಯಲ್ಲಿ ನಾಲ್ಕು ಮನೆಯಾಚೆಗೆ. ಅದೂ ಮುದ್ದೆಯಾದ ಅದೇ ಡ್ರಾಯರಿನ ಮನೆ.

ಶೆರೀನ್ ಒಂದು ಶನಿವಾರ ಮಧ್ಯಾಹ್ನ ಜೆನೀವ್‌ಳ ಅಂಗಳಕ್ಕೆ ಬಂದಳು. ಬೇಲಿಯ ಈಚೆ, ಪಕ್ಕದ ಮನೆಯ ಅಂಗಳದಲ್ಲಿ ನಾನಿದ್ದೆ. ಅವಳ ಕೈಯಲ್ಲಿ ಕಚೇರಿಯ ಪತ್ರವಿತ್ತು. ದಾಖಲೆಯ ಸಾಲಿನ ಕೆಳಗೆ ಬೆರಳಿಟ್ಟು ಕೇಳಿದಳು.

"ತಾಮ್ರ ಅಂತ ಬರೆದಿರೋರು ಯಾರು ಅಂತ ಇಲ್ಲಿದೆ. ಇದು ನಿಮ್ಮ ಹೆಸರಾ ಮಿಸ್ ಜೆನ್?"

"ನಂದೇ."

"ನೀವು ನೋಡಿದ್ರಾ? ಅಗೆದು?"

"ಇಲ್ಲ."

"ಮತ್ತೆ?"

ಜೆನೀವ್ ಎಲ್ಲವನ್ನೂ ಹೇಳಿದಳು, ಮಣಿಕಟ್ಟಿನಿಂದ ಹಿಡಿದು. ಶೆರೀನ್ ಕೂಗಾಡುತ್ತಾಳೆಂದು ನಾನು ಕಾದೆ. ಅವಳು ಪತ್ರವನ್ನು ನಾಲ್ಕಾಗಿ ಮಡಿಚಿದಳು.

"ಹೋಗ್ಲಿ, ನಿಮ್ಮ ಕೈಲೇ ಅಳಿಸಿಬಿಡಿ."

"ಆಗಲ್ಲ ಕಣಮ್ಮ," ಎಂದಳು ಜೆನೀವ್. "ನೋಡ್ಬೋದು. ಅಷ್ಟೇ."

ಈಗಲೂ ಆಕೆ ದಿನಾ ಎಂಟಕ್ಕೆ ಕಚೇರಿಗೆ ಹೋಗುತ್ತಾಳೆ, ಫುಲ್ಟನ್ ಬೀದಿಯನ್ನು ತೆರೆದು ನೋಡುತ್ತಾಳೆ. ಅರ್ಜಿಯನ್ನು ಹನ್ನೊಂದು ಸಲ ಹಾಕಿದ್ದಾಳೆ. ನಗರಸಭೆಯಲ್ಲಿ ಸಾರ್ವಜನಿಕರಿಗೆ ಕೊಡುವ ಮೂರು ನಿಮಿಷದಲ್ಲಿ ಎದ್ದು ನಿಂತು ತನ್ನ ತಪ್ಪನ್ನು ತಾನೇ ಓದಿದಳು. ಧನ್ಯವಾದ ಹೇಳಿ ಮುಂದಿನವರನ್ನು ಕರೆದರು. ಮುಂದಿನವರ ವಿಷಯ ನಾಯಿಗಳು. ಈ ವರ್ಷ ಆ ಆರುನೂರ ನಲವತ್ತೊಂದು ಮನೆಗಳಿಗೆ ಪತ್ರ ಹೋಗಲಿಲ್ಲ. ಡೆಲ್‌ನ ತಂಡವನ್ನು ಗಾಲ್ಫ್ ಮೈದಾನದ ಕಾರಂಜಿ ರಿಪೇರಿಗೆ ಹಾಕಿದ್ದಾರೆ.

ಪಾಪ ಜೆನೀವ್ ಎಂದು ನಿಟ್ಟುಸಿರು ಬಿಡಬೇಡಿ. ಅದರಿಂದ ಯಾರ ನೆತ್ತರೂ ಶುದ್ಧವಾಗುವುದಿಲ್ಲ. ತಪ್ಪು ಮಾಡಿದವಳು ಒಪ್ಪಿಕೊಂಡು ನಿಂತಿದ್ದಾಳೆ. ಅದನ್ನು ತಿದ್ದಬಲ್ಲವರು, ನೀವು ಕೇಳದೆ ಇರುವುದರಿಂದಲೇ, ಆರಾಮಾಗಿದ್ದಾರೆ. ನೀವು ಯಾವ ಊರಿನವರಾದರೂ ಸರಿ, ಸೋಮವಾರ ನಿಮ್ಮ ನೀರಿನ ಕಚೇರಿಗೆ ಹೋಗಿ. ನಿಮ್ಮ ಮನೆಯ ಕೊಳವೆ ಯಾವುದೆಂದು ಕೇಳಬೇಡಿ, ಅದಕ್ಕೆ ಅವರ ಬಳಿ ಉತ್ತರ ಸಿದ್ಧವಿದೆ. ಅದನ್ನು ಕಣ್ಣಾರೆ ಕಂಡವರು ಯಾರು, ಯಾವತ್ತು ಕಂಡರು ಎಂದು ಕೇಳಿ. ಬರೆದು ಕೊಡುವವರೆಗೆ ಕುರ್ಚಿಯಿಂದ ಏಳಬೇಡಿ.