ಅಗಸಿ ಎಣ್ಣೆಯಲ್ಲಿ ಕರಿದ ಮಿರ್ಚಿ

ಮೊದಲು ಬಾತದ್ದು ಬಲಗೈಯ ತೋರುಬೆರಳು. ಬೆಟಗೇರಿಯ ನಮ್ಮ ಮನೆಯಲ್ಲಿ ಮಗ್ಗದ ಮುಂದೆ ಕುಳಿತಿದ್ದೆ. ಎಳೆ ಕಡಿಯಿತು. ಗಂಟು ಹಾಕಲು ಹೋದರೆ ಬೆರಳು ಮಡಚಲಿಲ್ಲ. ಇರುವೆ ಕಚ್ಚಿರಬೇಕು ಎಂದರು ಅತ್ತೆ. ವಾರದೊಳಗೆ ಎರಡೂ ಕೈ ಬಾತವು. ಅಷ್ಟು ಇರುವೆಗಳು ನಮ್ಮ ಮನೆಯಲ್ಲಿರಲಿಲ್ಲ.

ಗದಗಿನ ಡಾಕ್ಟರ್ ರಕ್ತದ ರಿಪೋರ್ಟ್ ನೋಡಿ, ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಕೀಲುಗಳ ಬಾವು ಎಂದರು.

ನಾನು ಕೇಳಿದ್ದು ಒಂದೇ. "ಮಗ್ಗ ಬಿಡಬೇಕೇನ್ರಿ?"

"ಮಾತ್ರಿ ತಪ್ಪಿಸಬ್ಯಾಡ್ರಿ. ನೋಡೂಣು."

ಊಟದ ವಿಚಾರ ಎತ್ತಿದವನು ಜೊತೆಗೆ ಬಂದಿದ್ದ ಮೈದುನ. ಮುಂಡರಗಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಮೊಬೈಲಿನಲ್ಲಿ ಬರುವ ವೈದ್ಯವೆಲ್ಲ ಅವನಿಗೆ ಬಾಯಿಪಾಠ. ಡಾಕ್ಟರ್ ಸಮಾಧಾನದಿಂದಲೇ ತಿಳಿಸಿದರು. ಜಿಡ್ಡಿನ ಊಟವಾದ ಮೇಲೆ ಕೆಲವು ತಾಸು ಮೈಯೊಳಗೆ ಸಣ್ಣ ಉರಿಯೂತ ಏಳುತ್ತದೆ. ಡಾಲ್ಡಾ, ಬೆಣ್ಣೆಯಂಥ ಗಟ್ಟಿ ಜಿಡ್ಡಿಗೆ ಹೆಚ್ಚು, ಅಗಸಿಯಂಥ ಎಣ್ಣೆಗೆ ಕಡಿಮೆ ಇರಬಹುದು. ಆದರೆ ಎಣ್ಣೆ ಔಷಧವಲ್ಲ. ಮೈದುನನ ಕಿವಿಗೆ ಬಿದ್ದದ್ದು ಅಗಸಿ ಮಾತ್ರ. ಅಲ್ಪವಿದ್ಯಾ ಮಹಾಗರ್ವಿ ಎಂದು ಹಿರಿಯರು ಇಂಥವರನ್ನು ನೋಡಿಯೇ ಹೇಳಿರಬೇಕು.

ಮರುದಿನವೇ ಅಗಸಿ ಎಣ್ಣೆಯ ಡಬ್ಬಿ ಹೊತ್ತು ಬಂದ. ಅತ್ತೆಯಿಂದ ಅದರಲ್ಲಿ ಮಿರ್ಚಿ ಬಜ್ಜಿ ಕರಿಸಿದ. ನಮ್ಮ ಕಡೆ ಪ್ರೀತಿ ತೋರಿಸಲು ಮಿರ್ಚಿಗಿಂತ ಹತ್ತಿರದ ದಾರಿಯಿಲ್ಲ, ರೋಗಿಯಾದರೇನು! ಹೊಗೆಯೆದ್ದು, ಬಾಗಿಲಿಗೆ ಈಗಷ್ಟೇ ಬಣ್ಣ ಬಳಿದಂತೆ ಮನೆಯೆಲ್ಲ ನಾರಿತು.

"ವೈನಿ, ಇದು ಮಿರ್ಚಿ ಅಲ್ರಿ, ಔಷಧ. ಎಷ್ಟು ಬೇಕಾದ್ರೂ ತಿನ್ರಿ."

ಎರಡು ತಿಂದು ಕೈ ತೊಳೆದೆ. ಉಳಿದ ಔಷಧವನ್ನು, ಯಾವ ರೋಗವೂ ಇಲ್ಲದ ಅವನೇ ಮುಗಿಸಿದ.

ಬೆಳಿಗ್ಗೆ ಮಣಿಕಟ್ಟುಗಳೂ ಬಾತಿದ್ದವು. ಬಾಚಣಿಗೆ ಹಿಡಿಯಲಾಗಲಿಲ್ಲ.

ಅತ್ತೆ ನನ್ನ ತಲೆ ಬಾಚಿದರು.

"ಮಾತ್ರಿ ಒಗ್ಗವಲ್ದು, ಬಿಟ್ಟಬಿಡ್ರಿ" ಎಂದ ಮೈದುನ. ನಾನು ಡಾಕ್ಟರರಿಗೆ ಫೋನ್ ಮಾಡಿದೆ.

"ಅಗಸಿ ಎಣ್ಣಿ ಅಷ್ಟು ಕಾಯಿಸಿದ್ರ ಕೆಡತೈತಿ. ಆದ್ರ ಈ ಬಾವು ಎರಡು ಮಿರ್ಚಿಯಿಂದನ ಬಂತು ಅಂತ ಹೇಳಾಕೂ ಬರೂದಿಲ್ಲ. ಮಾತ್ರಿ ನಿಧಾನಕ್ಕ ಹತ್ತತೈತಿ, ಬಿಡಬ್ಯಾಡ್ರಿ."

ಹೇಳಲು ಬರುವುದಿಲ್ಲ ಎನ್ನಬಲ್ಲ ಒಬ್ಬರಾದರೂ ಸಿಕ್ಕರಲ್ಲ ಎಂದು ನನಗೆ ನಿಜಕ್ಕೂ ನೆಮ್ಮದಿಯಾಯಿತು. ಮಾತ್ರೆ ಮುಂದುವರಿಸಿದೆ. ಡಾಲ್ಡಾ ಮನೆಯಿಂದ ಹೊರಗೆ ಹಾಕಿದೆ. ರೊಟ್ಟಿಗೆ ಹುರಿದ ಅಗಸಿಯ ಚಟ್ನಿ ಹಚ್ಚಿಕೊಂಡೆ. ಅದು ಎಂದಿನಿಂದಲೂ ನಮ್ಮ ಅಡುಗೆಮನೆಯಲ್ಲೇ ಇತ್ತು. ಬಾಣಲೆಯಲ್ಲಿ ಚುಂಯ್ ಎನ್ನದ್ದನ್ನು ನಮ್ಮವರು ಔಷಧವೆಂದು ನಂಬುವುದಿಲ್ಲ.

ಎರಡು ತಿಂಗಳು ಮಗ್ಗ ಸುಮ್ಮನೆ ನಿಂತಿತು. ಒಂದು ದಿನ ಮೈದುನ ಲಕ್ಷ್ಮೇಶ್ವರದಿಂದ ಮಗ್ಗ ಕೊಳ್ಳುವವನನ್ನೇ ಕರೆದುಕೊಂಡು ಬಂದ. ನನ್ನನ್ನು ಕೇಳಲಿಲ್ಲ. ಚಹಾ ಮಾಡಲು ಮಾತ್ರ ಹೇಳಿದ.

ಬಂದಾತ ಮಗ್ಗ ತಟ್ಟಿ ನೋಡಿ ನನ್ನ ಗಂಡನ ಕಡೆ ತಿರುಗಿದ. "ಎಷ್ಟಕ್ಕ ಕೊಡತೀರಿ?"

ಈ ರೋಗ ಶುರುವಾದಾಗಿನಿಂದ ಬಾಯಿಯನ್ನೇ ಬಿಟ್ಟಿರದ ಮಹಾಶಯರು ಗೋಡೆ ನೋಡುತ್ತಾ ಹೇಳಿದರು: "ಅದು ಆಕಿ ಮಗ್ಗ. ಆಕಿನ್ನ ಕೇಳ್ರಿ."

ಆತ ನನ್ನ ಕೈ ನೋಡಿದ. ನಾನು ಸೆರಗಿನಲ್ಲಿ ಬಚ್ಚಿಡಲಿಲ್ಲ.

"ಮಾರೂದಿಲ್ಲ. ಚಹಾ ಕುಡದು ಹೋಗ್ರಿ."

ಗಂಡನ ಮೇಲೆ ಅಂದು ಮೂಡಿದ ಪ್ರೀತಿಯನ್ನು ಅವರಿಗೆ ಇನ್ನೂ ಹೇಳಿಲ್ಲ.

ಬಾವು ಈಗ ಇಳಿದಿದೆ, ಪೂರ್ತಿಯಲ್ಲ. ಮಾತ್ರೆಯ ಪಾಲೆಷ್ಟು, ಡಾಲ್ಡಾ ಬಿಟ್ಟದ್ದರ ಪಾಲೆಷ್ಟು, ನನಗೆ ಗೊತ್ತಿಲ್ಲ. ಮೈದುನನಿಗೆ ಗೊತ್ತಿದೆ, ಊರಿಗೆಲ್ಲ ಹೇಳುತ್ತಿದ್ದಾನೆ. ಬೆಳಗಿನ ಹೊತ್ತು ಬೆರಳುಗಳು ನನ್ನ ಮಾತು ಕೇಳುವುದಿಲ್ಲ. ಮಧ್ಯಾಹ್ನಕ್ಕೆ ಸಡಿಲಾಗುತ್ತವೆ.

ಮಧ್ಯಾಹ್ನದಿಂದ ನೇಯುತ್ತೇನೆ.