ಬೇಗ ಅಂದರೆ ಎಷ್ಟೊತ್ತಿಗೆ

ಬೆಳಿಗ್ಗೆ ಹಂಡೆಯ ಮುಚ್ಚಳ ತೆಗೆದೆ. ಬಿಸಿ ಬಣ್ಣದ ಘಾಟು ಮೂಗಿಗೆ ಬಡಿದದ್ದೇ ತಡ, ಪಕ್ಕದಲ್ಲಿ ಮಲ್ಲಣ್ಣನವರು ಕೆಮ್ಮಿದಂತಾಯಿತು. ತಿರುಗಿಯೂ ನೋಡಿದೆ, ನೋಡಿ! ಅವರು ಹೋಗಿ ಎರಡು ವರ್ಷವಾಯಿತು, ನನಗಿನ್ನೂ ಬುದ್ಧಿ ಬಂದಿಲ್ಲ.

ಮೊಳಕಾಲ್ಮೂರಿನ ಸೀರೆಯ ರೇಷ್ಮೆಗೆ ಬಣ್ಣ ಹಾಕುವುದನ್ನು ನನಗೆ ಕಲಿಸಿದವರು ಅವರೇ. ಮಾತು ಬಲು ಕಡಿಮೆ. ನಾನು ಕೊಂಡ್ಲಹಳ್ಳಿಯಿಂದ ಬಂದು ಸೇರಿದ ಹೊಸತರಲ್ಲಿ ಒಂದು ನೇರಳೆ ಎಳೆ ಕೈಗಿಟ್ಟು, "ಇದರಂಗೇ ಮಾಡು" ಅಂದು ಹೋದರು. ಒದ್ದೆಯಲ್ಲಿ ಇದರಂತೆಯೋ, ಒಣಗಿದ ಮೇಲೋ? ಕೇಳಿದರೆ ದಡ್ಡ ಅಂದುಕೊಂಡಾರೆಂದು ಬಾಯಿ ಬಿಡಲಿಲ್ಲ. ಒದ್ದೆ ನೂಲಿನ ಲಡಿಯನ್ನು ಆ ಎಳೆಯ ಪಕ್ಕ ಹಿಡಿದು, ಸರಿಹೊಂದಿತೆಂದು ಹಿಗ್ಗಿ ತೆಗೆದೆ. ಒದ್ದೆ ನೂಲು ಯಾವಾಗಲೂ ಗಾಢವಾಗಿ ಕಾಣುತ್ತದೆ. ಸಂಜೆ ಹೊತ್ತಿಗೆ ನನ್ನ ನೇರಳೆ, ಈರುಳ್ಳಿ ಸಿಪ್ಪೆಯ ಬಣ್ಣಕ್ಕಿಳಿದು ಒಣಹಾಕುವ ಗಳುವಿನ ಮೇಲೆ ನೇತಾಡುತ್ತಿತ್ತು.

ಅವರು ಬೈಯಲಿಲ್ಲ. "ಕೇಳಿದ್ರೆ ನಾನೇನು ನುಂಗ್ತಿದ್ನೇನಲೇ? ಗೊತ್ತಾಗ್ಲಿಲ್ಲ, ಇನ್ನೊಂದ್ಸಲ ಹೇಳ್ರಿ ಅನ್ನು. ಅದ್ರಾಗೇನು ಮರ್ಯಾದಿ ಹೋಗ್ತೈತೆ?" ಅಂದು ಲಡಿಗಳನ್ನು ತಾವೇ ಮತ್ತೆ ಹಂಡೆಗಿಳಿಸಿದರು.

ಆಮೇಲೆ ಕೇಳುವುದರಲ್ಲಿ ನಾನು ಹುಲಿಯಾದೆ. "ತಪ್ಪು ತಿಳ್ಕಬ್ಯಾಡ್ರಿ ಮಲ್ಲಣ್ಣಾರೆ" ಎಂದು ಶುರು ಮಾಡಿದರೆ ಸಾಕು, "ಏಮಿರಾ, ಬಂತೇನು ನಿನ್ನ ಪ್ರಶ್ನೆ?" ಎಂದು ತೆಲುಗು ಬೆರೆಸಿ ನಗುತ್ತಿದ್ದರು. ಅವರಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಈ ಊರಲ್ಲಿ ನನಗೂ ಅವರೊಬ್ಬರೇ.

ಒಂದು ಸಂಜೆ ಬಾಗಿಲು ಹಾಕುವಾಗ, "ನಾಳೆ ಮನಿ ಕಡೆ ಸ್ವಲ್ಪ ಬೇಗ ಬಾರಲೇ" ಅಂದರು. ಕೆಲಸದ ಮಾತಾಗಿದ್ದರೆ ಕೇಳುತ್ತಿದ್ದೆ. ಯಾವ ಲಡಿಯೂ ಬಾಕಿಯಿರಲಿಲ್ಲ, ಹೂಂ ಅಂದು ಬಂದೆ. ಮರುದಿನ ಕೆಲಸಕ್ಕೆ ಬರುವ ಒಂಬತ್ತರ ಬದಲು ಎಂಟಕ್ಕೇ ಅವರ ಮನೆಗೆ ಹೋದೆ, ದೊಡ್ಡ ಜಾಣನ ಹಾಗೆ. ಜಗಲಿ ಖಾಲಿ. ಪಕ್ಕದ ಮನೆಯ ಅವ್ವ ಹೊರಗೆ ಬಂದು, "ಆರಕ್ಕೇ ಎದ್ದು ಎದೆ ಹಿಡ್ಕಂಡು ಕುಂತಿದ್ರಪ್ಪ, ನಿನ್ನ ದಾರಿ ನೋಡ್ಕಂತ. ಈಗ ಆಸ್ಪತ್ರೆಗೆ ಒಯ್ದ್ರು" ಅಂದಳು. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಯಾಕೆ ಕರೆದಿದ್ದರೋ, ಇಂದಿಗೂ ನನಗೆ ಗೊತ್ತಿಲ್ಲ.

ಹಂಡೆಯ ಮುಂದೆ ಹೀಗೆ ನಿಂತಿದ್ದಾಗ ಫೋನು ಬಂತು. ಚಳ್ಳಕೆರೆಯ ಸೀರೆ ಅಂಗಡಿಯ ಸಾವ್ಕಾರರು. "ಹಸಿರು ಲಡಿ ಬೇಗ ಬೇಕಪ್ಪ."

"ತಪ್ಪು ತಿಳ್ಕಬ್ಯಾಡ್ರಿ, ಬೇಗ ಅಂದ್ರೆ ಎಷ್ಟೊತ್ತಿಗೆ?"

"ನಾಳೆ ಹತ್ತಕ್ಕೆ ಕೊಡು, ಸಾಕು."

ಅಷ್ಟೇ ನೋಡಿ. ಕೇಳಿದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಫೋನು ಜೇಬಿಗಿಟ್ಟು, ಇರುವವನು ನಾನೊಬ್ಬನೇ ಎಂದು ಗೊತ್ತಿದ್ದೂ, ಹಂಡೆಯ ಆಚೆ ಬದಿಗೆ ತಿರುಗಿ ಕೇಳಿಯೇಬಿಟ್ಟೆ: "ಎಷ್ಟೊತ್ತಿಗೆ ಬರ್ಲಿ, ಮಲ್ಲಣ್ಣಾರೆ?"