ಕ್ಲೆಮ್‌ನ ಕೆಟಲ್

ಕಡಲತಡಿಯ ನಮ್ಮ ಬರ್ನಿ ಊರಿನ ಸಮುದಾಯ ಭವನದಲ್ಲಿ ಮಂಗಳವಾರ ಚಿತ್ರ ಬರೆಯಲು ಸೇರುವವರೆಲ್ಲ ಕಡಲನ್ನೇ ಬರೆಯುತ್ತಾರೆ. ಕಾಗದದ ಗಿರಣಿಯಿಂದ ನಿವೃತ್ತನಾದ ಕ್ಲೆಮ್ ಹ್ಯಾರಿಗನ್ ಮಾತ್ರ ಕಿಟಕಿಗೆ ಬೆನ್ನು ಹಾಕಿ ಕೂತು, ತನ್ನ ಮನೆಯ ನೆಗ್ಗಿದ ಕೆಟಲ್, ಅಂಚೊಡೆದ ಬಟ್ಟಲು, ಒಂದು ನಿಂಬೆಹಣ್ಣು, ಇಷ್ಟನ್ನೇ ವರ್ಷಗಟ್ಟಲೆ ಎಣ್ಣೆಬಣ್ಣದಲ್ಲಿ ಬರೆಯುತ್ತಾನೆ. ಮೇಜಿನ ಸುತ್ತ ಸೀಮೆಸುಣ್ಣದ ಗೆರೆ ಎಳೆದಿರುತ್ತಾನೆ. ಯಾರಾದರೂ ದಾಟಿದರೆ, "ನೆರಳು ಅಲ್ಲಾಡಿಸಿದ್ಯಲ್ಲ, ಈಗ ಸೂರ್ಯನ್ನ ನೀನೇ ವಾಪಸ್ ಕರ್ಕೊಂಡು ಬಾ" ಎಂದು ರೇಗುತ್ತಾನೆ. "ಇಷ್ಟು ದೊಡ್ಡ ಸಮುದ್ರ ಬಿಟ್ಟು ಕೆಟಲ್ ನೋಡ್ತಾ ಕೂತಿದ್ದೀಯಲ್ಲೋ" ಎಂದು ಜೊತೆಗೆ ಚಿತ್ರ ಬರೆಯುವ ಬೆರಿಲ್ ಕೆಣಕಿದರೆ, "ಸಮುದ್ರದಲ್ಲಿ ಟೀ ಕಾಯಿಸೋಕಾಗುತ್ತಾ?" ಎನ್ನುತ್ತಾನೆ. ಕೆಟಲ್ಲಿನ ಒಂದು ಹೊಳಪಿಗೆ ಮೂರು ವಾರ ತೆಗೆದುಕೊಳ್ಳುವ ಈ ಮನುಷ್ಯ, ಬಣ್ಣ ಒಣಗುವ ಮುನ್ನವೇ ಚಿತ್ರವನ್ನು ಎಲ್ಲಿಗೋ ಹೊತ್ತೊಯ್ದು, ಅದರಲ್ಲಿನ ಕೆಟಲ್ಲಿನ ಹಿಡಿಕೆಯ ಮೇಲೆ ಬೆರಳಚ್ಚು ಮೂಡಿಸಿಕೊಂಡು ತರುತ್ತಾನೆ, ತಿದ್ದುವುದೂ ಇಲ್ಲ. ಈ ಸಲದ ಕೃಷಿ ಮೇಳದ ಚಿತ್ರಸ್ಪರ್ಧೆಯಲ್ಲಿ ತೀರ್ಪುಗಾರನಾಗಿದ್ದ ನಾನು, "ಕೊಳಕು ಕೆಲಸ" ಎಂದು ಬರೆದು ಅದನ್ನು ಹೊರಗಿಟ್ಟೆ. ಆಮೇಲೆ ಬೆರಿಲ್ ಹೇಳಿದಳು. ಅವನ ಹೆಂಡತಿ ನೋರೀನ್ ಇರುವ ವೃದ್ಧಾಶ್ರಮದವರು, ಮರೆವಿನ ಕಾಯಿಲೆಯ ಹೆಂಗಸು ಕೈ ಸುಟ್ಟುಕೊಂಡರೆ ತಮ್ಮ ಹೆಸರು ಕೆಡುತ್ತದೆಂದು, ಕೆಟಲ್ ಇರಲಿ, ಗಾಜಿನ ಲೋಟವನ್ನೂ ಕೋಣೆಗೆ ಬಿಡುವುದಿಲ್ಲವಂತೆ. ಚಿತ್ರಕ್ಕೆ ಮಾತ್ರ ಅಡ್ಡಿಯಿಲ್ಲ. ಕ್ಲೆಮ್ ಅದನ್ನು ಮಂಚದೆದುರು ನಿಲ್ಲಿಸಿದೊಡನೆ ನೋರೀನ್ ಹಸಿಬಣ್ಣದ ಹಿಡಿಕೆಗೆ ಕೈ ಹಾಕಿ, "ಯಾರು ನೀವು? ಕೂತ್ಕೊಳ್ಳಿ, ಟೀ ಮಾಡ್ತೀನಿ" ಎನ್ನುತ್ತಾಳೆ. ನಲವತ್ತಾರು ವರ್ಷ ಅವಳ ಟೀ ಕುಡಿದವನು ನೆಂಟನ ಹಾಗೆ ಕುರ್ಚಿಯ ತುದಿಯಲ್ಲಿ ಕೂರುತ್ತಾನೆ.